ಆಸ್ಪತ್ರೆಯ ಗೇಟಿನಿಂದ ಮರಳಿದ ಹುಡುಗನಿಗೆ

ಪ್ರಶ್ನೆ: ನನಗೆ 27 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯವನು. ಐದು ವರ್ಷಗಳಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಎಂಟು ತಿಂಗಳಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ. ರಾತ್ರಿ ಒಮ್ಮೆಲೇ ಎದೆ ಹೊಡೆದುಕೊಂಡು ಕೈಕಾಲು ತಣ್ಣಗಾಗುತ್ತವೆ. ಒಮ್ಮೆ ಗೆಳೆಯ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದ. ಇಸಿಜಿ ಮಾಡಿ ‘ಏನೂ ಇಲ್ಲ, ಗ್ಯಾಸ್’ ಎಂದು ಕಳಿಸಿದರು. ನಿಶ್ಶಕ್ತಿಗೆಂದು ಜಾಹೀರಾತು ನೋಡಿ ಪುಡಿ ತರಿಸಿಕೊಂಡೆ. ನಿದ್ದೆಗಾಗಿ ವಾರಕ್ಕೆ ಎರಡು ಮೂರು ಸಲ ಕುಡಿಯುತ್ತೇನೆ. ಅಪ್ಪನಿಗೆ ಹೇಳಿದರೆ, ‘ಗಂಡಸು ಮಗ ಹೀಗೆ ಅಂಜಿದರೆ ನಾಳೆ ಪೊಲೀಸ್ ಹೇಗಾಗುತ್ತೀ?’ ಎಂದರು. ಕಳೆದ ತಿಂಗಳು ಇಲ್ಲಿಯ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಗೇಟಿನವರೆಗೆ ಹೋಗಿದ್ದೆ. ಊರಿನವರು ಯಾರೋ ಕಂಡಂತಾಗಿ ತಿರುಗಿ ಬಂದೆ. ಅಲ್ಲಿ ಹೆಸರು ಬರೆಸಿದರೆ ಪೊಲೀಸ್ ಕೆಲಸ ತಪ್ಪುತ್ತದೆಯೇ? ಇದು ಕಾಯಿಲೆಯೋ, ನನ್ನ ಹೇಡಿತನವೋ? ಕೆಲವು ರಾತ್ರಿ ಬೆಳಗಾಗದಿದ್ದರೂ ಸಾಕು ಎನಿಸುತ್ತದೆ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ಹೊರಟು ನಿಂತವನು ಚಪ್ಪಲಿ ಮೆಟ್ಟುತ್ತಾ ಹೇಳಿದ ಮಾತಿನಂತೆ ಅದನ್ನು ಬರೆದಿದ್ದೀರಿ. ಮನೋವೈದ್ಯನಾಗಿ ಮೂವತ್ತು ವರ್ಷಗಳಿಂದ ಈ ಭಾಗದ ಗಂಡುಮಕ್ಕಳನ್ನು ನೋಡುತ್ತಿದ್ದೇನೆ. ಅರ್ಧ ಗಂಟೆ ಹೊಟ್ಟೆಯುಬ್ಬರ, ಸೊಂಟನೋವು ಎಂದು ಮಾತನಾಡಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ ಮೇಲೆ ಅವರು ನಿಜವಾದ ಮಾತು ಹೇಳುತ್ತಾರೆ. ಆ ಕ್ಷಣದಲ್ಲಿ ನಾನು ಎಷ್ಟೇ ಅವಸರವಿದ್ದರೂ ‘ಬನ್ನಿ, ಮತ್ತೆ ಕುಳಿತುಕೊಳ್ಳಿ’ ಎನ್ನುತ್ತೇನೆ. ನಿಮಗೂ ಅದನ್ನೇ ಹೇಳುತ್ತಿದ್ದೇನೆ.

ಬೆಳಗಾಗದಿದ್ದರೂ ಸಾಕು ಎನಿಸುವುದು ದಣಿದ ಮನಸ್ಸಿನ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಅದಕ್ಕಾಗಿ ನೀವು ನಾಚಿಕೊಳ್ಳಬೇಕಾದದ್ದೂ ಇಲ್ಲ. ಆದರೆ ಆ ಯೋಚನೆ ಮುಂದುವರಿದು ‘ಹೇಗೆ, ಯಾವಾಗ’ ಎಂಬಲ್ಲಿಗೆ ಹೋದರೆ ಇನ್ನೊಂದು ದಿನವೂ ಕಾಯಬಾರದು. ಆ ರಾತ್ರಿಯೇ ರೂಮಿನ ಗೆಳೆಯನನ್ನು ಎಬ್ಬಿಸಿ, ‘ನನ್ನನ್ನು ಒಬ್ಬನೇ ಬಿಡಬೇಡ’ ಎಂದು ಇಷ್ಟೇ ಮಾತಿನಲ್ಲಿ ಹೇಳಿ, ಯಾವುದಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎದುರು ಕುಳಿತು ಹೇಳುವುದಕ್ಕೆ ಬಾಯಿ ಬಾರದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡಿಲ್ಲ. ಊರಿಗೆ ಹೋದಾಗ ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧ ಇದ್ದರೆ ಅದಕ್ಕೆ ಬೀಗ ಹಾಕಿ ಕೀಲಿಯನ್ನು ಅಣ್ಣನ ಕೈಯಲ್ಲೋ ಕಾಕಾನ ಕೈಯಲ್ಲೋ ಇಡಿಸಿ. ಈ ಮಾತನ್ನು ನಾನು ಪ್ರತಿಯೊಂದು ರೈತ ಕುಟುಂಬಕ್ಕೂ ಹೇಳುತ್ತೇನೆ. ಕೆಟ್ಟ ಗಳಿಗೆ ಬಹುತೇಕ ಬೇಗ ದಾಟಿ ಹೋಗುತ್ತದೆ. ಅದು ದಾಟುವಷ್ಟು ಹೊತ್ತು ಅಪಾಯದ ವಸ್ತು ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಜನ. ಅವರಲ್ಲಿ 1,22,724 ಜನ ಗಂಡಸರು, ನೂರಕ್ಕೆ ಹೆಚ್ಚುಕಡಿಮೆ 72. ಗಂಡಸಿಗೆ ದುಃಖ ಹೆಚ್ಚು ಎಂದು ಇದರ ಅರ್ಥವಲ್ಲ. ನನ್ನ ಹೊರರೋಗಿ ವಿಭಾಗದಲ್ಲಿ ಹೆಂಗಸರು ತಾವಾಗಿಯೇ ಬಂದು ಕುಳಿತು ಅಳುತ್ತಾರೆ, ಹಗುರಾಗಿ ಹೋಗುತ್ತಾರೆ. ಗಂಡಸನ್ನು ಯಾರಾದರೂ ಎತ್ತಿಕೊಂಡು ಬರಬೇಕಾಗುತ್ತದೆ.

ಇನ್ನು ಆ ಗೇಟಿನ ವಿಷಯ.

ಬೆಳಗಾವಿ ರಸ್ತೆಯ ಆ ಗೇಟು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಕಬ್ಬಿಣದ ಗೇಟು ಅಷ್ಟೇನೂ ದೊಡ್ಡದಲ್ಲ, ಮಾತಿನಿಂದ ಕಟ್ಟಿದ ಗೇಟು ದೊಡ್ಡದು. ಬ್ರಿಟಿಷರ ಕಾಲದಲ್ಲಿ ಹುಚ್ಚರನ್ನು ಕೂಡಿಹಾಕುವ ಜಾಗವಾಗಿ ಶುರುವಾದ ಸಂಸ್ಥೆ ಅದು. ಇವತ್ತು ಅಲ್ಲಿ ವೈದ್ಯರು ಓದುತ್ತಾರೆ, ತಲೆನೋವಿನವರು, ಮೂರ್ಛೆರೋಗದವರು, ನಿದ್ದೆ ಬಾರದವರು, ಕುಡಿತ ಬಿಡಬೇಕೆನ್ನುವವರು ಬಂದು ಔಷಧ ಬರೆಸಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಹೋಗುತ್ತಾರೆ. ಆದರೂ ಗದಗಿನ ಕಟ್ಟೆಯ ಮೇಲೆ, ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತನಾಡಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ನಗುವುದು ನಿಂತಿಲ್ಲ. ಇಡೀ ಒಂದು ಊರಿನ ಹೆಸರನ್ನು ಬೈಗುಳ ಮಾಡಿಟ್ಟುಕೊಂಡಿದ್ದೇವೆ. ಆ ಬೈಗುಳವನ್ನು ಚಿಕ್ಕಂದಿನಿಂದ ಕೇಳಿಸಿಕೊಂಡು ಬೆಳೆದ ಹುಡುಗ ಓದಲೆಂದು ಅದೇ ಧಾರವಾಡಕ್ಕೆ ಬಂದು, ಅದೇ ಗೇಟಿನ ಮುಂದೆ ನಿಂತಾಗ ಕಾಲು ಹಿಂದೆ ಸರಿದದ್ದು ಹೇಡಿತನ ಹೇಗಾದೀತು? ಅಲ್ಲಿಯವರೆಗೆ ಒಬ್ಬರೇ ಹೋದಿರಲ್ಲ, ನಾನು ಅದನ್ನು ನೆನಪಿಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತೂ ನಮ್ಮ ಭಾಗದ್ದೇ: ಗಂಡುಮೆಟ್ಟಿದ ನಾಡು. ಹುಬ್ಬಳ್ಳಿಯ ಯಾವ ವೇದಿಕೆಯ ಭಾಷಣವೂ ಈ ಪದವಿಲ್ಲದೆ ಮುಗಿಯುವುದಿಲ್ಲ. ಕೇಳುವಾಗ ನನಗೂ ಎದೆ ಉಬ್ಬುತ್ತದೆ. ಆದರೆ ಈ ಪದ ಮನೆಯೊಳಗೆ ಬಂದಾಗ ಬೇರೆಯೇ ಕೆಲಸ ಮಾಡುತ್ತದೆ. ಬಿದ್ದು ಮೊಣಕಾಲು ತರಚಿದ ಐದು ವರ್ಷದ ಹುಡುಗನಿಗೆ ‘ಹೆಣ್ಣಿನ ಹಾಗೆ ಅಳುತ್ತೀಯಾ’ ಎನ್ನುತ್ತೇವೆ. ಹತ್ತನೆಯ ತರಗತಿಯಲ್ಲಿ ಫೇಲಾಗಿ ಮೂಲೆ ಹಿಡಿದವನಿಗೆ ‘ಬಳೆ ತೊಟ್ಟುಕೋ’ ಎನ್ನುತ್ತೇವೆ. ಅವನು ಕಲಿಯುವುದು ಧೈರ್ಯವನ್ನಲ್ಲ, ಅಡಗಿಸಿಡುವುದನ್ನು. ದುಃಖಕ್ಕೆ ದಾರಿಯಿಲ್ಲದಾಗ ಅದು ಸಿಟ್ಟಾಗಿ ಹೊರಬರುತ್ತದೆ, ಸಿಟ್ಟಿಗೆ ಮಾತ್ರ ನಾವು ಗಂಡಸಿಗೆ ಪರವಾನಗಿ ಕೊಟ್ಟಿದ್ದೇವೆ. ಅವ್ವನ ಮೇಲೆ ರೇಗುವ, ತಟ್ಟೆ ಎಸೆಯುವ, ಬೈಕನ್ನು ಮಿತಿಮೀರಿ ಓಡಿಸುವ ಅನೇಕ ಹುಡುಗರು ಖಿನ್ನತೆಯಲ್ಲಿರುತ್ತಾರೆ. ಮನೆಯವರು ಅವನನ್ನು ಹಾಳಾದ ಎನ್ನುತ್ತಾರೆ, ಯಾರೂ ನರಳುತ್ತಿದ್ದಾನೆ ಎನ್ನುವುದಿಲ್ಲ.

ಇಲ್ಲಿ ಗರಡಿಯ ಒಬ್ಬ ಹುಡುಗನ ನೆನಪಾಗುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಕುಸ್ತಿಯಲ್ಲಿ ಭುಜ ತಪ್ಪಿದಾಗ ಅವನು ಅದೇ ದಿನ ಮೂಳೆ ವೈದ್ಯರ ಬಳಿಗೆ ಹೋಗಿದ್ದ, ಪಟ್ಟಿ ಕಟ್ಟಿಕೊಂಡೇ ಊರ ಜಾತ್ರೆಯಲ್ಲಿ ಓಡಾಡಿದ್ದ. ಒಂದೂವರೆ ವರ್ಷದ ನಂತರ ನಿದ್ದೆಯಿಲ್ಲದೆ, ಊಟ ಸೇರದೆ ಹದಿಮೂರು ಕಿಲೋ ಇಳಿದಾಗ ಮಾತ್ರ ಯಾರಿಗೂ ಹೇಳಲಿಲ್ಲ. ಅವನನ್ನು ನನ್ನ ಬಳಿಗೆ ಕರೆತಂದವರು ಅವನ ವಸ್ತಾದ. ಆ ಹಿರಿಯರು ನನ್ನ ಮುಂದೆಯೇ ಅವನಿಗೆ ಒಂದು ಮಾತು ಹೇಳಿದರು: ‘ನಿನ್ನ ಕಾಲು ಎಲ್ಲಿ ಜಾರುತ್ತದೆ ಎಂದು ನಿನಗೆ ಕಾಣುವುದಿಲ್ಲ, ಹೊರಗೆ ನಿಂತ ನನಗೆ ಕಾಣುತ್ತದೆ. ಅದಕ್ಕೇ ಗುರು ಬೇಕು.’ ನಾನು ಅಂದು ಹೆಚ್ಚೇನೂ ಹೇಳಬೇಕಾಗಲಿಲ್ಲ.

ನಿಮ್ಮ ಎದೆ ಬಡಿತಕ್ಕೆ ಬರುತ್ತೇನೆ. ನೀವು ಬರೆದ ಲಕ್ಷಣ ಓದಿದರೆ ಅದು ಪ್ಯಾನಿಕ್ ಎಂದು ಕರೆಯುವ ದಿಢೀರ್ ಭಯದ ದಾಳಿಯಂತೆ ತೋರುತ್ತದೆ, ಜೊತೆಗೆ ಖಿನ್ನತೆಯ ನೆರಳೂ ಇದೆ. ಪತ್ರ ನೋಡಿ ರೋಗ ನಿರ್ಣಯ ಮಾಡಲಾಗದು. ಥೈರಾಯ್ಡ್, ರಕ್ತಹೀನತೆ ಇವೆಯೇ ಎಂದು ಪರೀಕ್ಷಿಸಬೇಕು. ಆದರೂ ಇದು ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ರಾತ್ರಿಗಳು ಸ್ವಲ್ಪ ಹಗುರಾದಾವು. ಹುಲಿ ಎದುರಾದರೆ ಓಡುವುದಕ್ಕೆಂದು ದೇಹ ಒಂದು ವ್ಯವಸ್ಥೆ ಇಟ್ಟುಕೊಂಡಿದೆ. ಹೃದಯ ವೇಗ ಹಿಡಿಯುತ್ತದೆ, ಉಸಿರು ಹೆಚ್ಚುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆಗೆ ಹರಿದು ಅಂಗೈ ತಣ್ಣಗಾಗುತ್ತದೆ. ತಿಂಗಳುಗಟ್ಟಲೆ ಒತ್ತಡದಲ್ಲಿರುವವನಲ್ಲಿ ಈ ವ್ಯವಸ್ಥೆ ಹುಲಿಯಿಲ್ಲದೆಯೇ ಚಾಲೂ ಆಗಿಬಿಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತಾರಕಕ್ಕೇರಿ ನಂತರ ತಾನೇ ಇಳಿಯುತ್ತದೆ. ಅದರಿಂದ ಹೃದಯ ನಿಲ್ಲುವುದಿಲ್ಲ. ಆಗ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಿ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ರಾತ್ರಿ ಎಚ್ಚರವಿರಲು ಕುಡಿಯುವ ಚಹಾ, ಎನರ್ಜಿ ಡ್ರಿಂಕ್ ಇದಕ್ಕೆ ತುಪ್ಪ ಸುರಿಯುತ್ತವೆ. ಸಂಜೆಯ ನಂತರ ಬೇಡ.

ಇಸಿಜಿ ಮಾಡಿದ ವೈದ್ಯರು ಒಂದು ಕೆಲಸ ಸರಿಯಾಗಿಯೇ ಮಾಡಿದರು, ಹೃದಯ ಚೆನ್ನಾಗಿದೆ ಎಂದು ಖಚಿತಪಡಿಸಿಕೊಂಡರು. ಆದರೆ ‘ಏನೂ ಇಲ್ಲ’ ಎಂಬ ಮಾತು ನನಗೆ ಬಹಳ ನೋವು ಕೊಡುತ್ತದೆ. ನಡುರಾತ್ರಿ ಸಾಯುತ್ತೇನೆ ಎಂದು ಓಡಿ ಬಂದವನಿಗೆ ಏನೂ ಇಲ್ಲ ಎಂದರೆ ಅವನು ಮನೆಗೆ ಒಯ್ಯುವ ಅರ್ಥ ಒಂದೇ: ನಾನು ನಾಟಕ ಮಾಡುತ್ತಿದ್ದೇನೆ. ‘ಹೃದಯಕ್ಕೆ ಏನೂ ಆಗಿಲ್ಲ, ಇದು ಭಯದ ಕಾಯಿಲೆ ಇರಬಹುದು, ಮನೋವೈದ್ಯರನ್ನು ನೋಡಿ’ ಎನ್ನಲು ಅರ್ಧ ನಿಮಿಷ ಸಾಕಿತ್ತು. ನನ್ನ ವೃತ್ತಿಬಾಂಧವರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಮತ್ತೆಯೂ ಹೇಳುತ್ತೇನೆ.

ನಮ್ಮ ಗಂಡಸರು ಮನಸ್ಸಿನ ನೋವನ್ನು ದೇಹದ ಭಾಷೆಯಲ್ಲಿ ಹೇಳುತ್ತಾರೆ. ತಲೆ ಭಾರ, ಮೈ ಜುಮ್ಮೆನ್ನುವುದು, ಕೈಕಾಲು ಸೋತು ಬರುವುದು, ನಿಶ್ಶಕ್ತಿ. ಆ ಪುಡಿಯನ್ನು ಯಾವ ಭಯಕ್ಕೆ ತರಿಸಿಕೊಂಡಿರಿ ಎಂದು ನೀವು ಬರೆದಿಲ್ಲ, ಊಹಿಸಬಲ್ಲೆ. ಮೂತ್ರದಲ್ಲಿ ಅಥವಾ ನಿದ್ದೆಯಲ್ಲಿ ಧಾತು ಹೋಗಿ ಗಂಡಸುತನವೇ ಸೋರಿಹೋಗುತ್ತಿದೆ ಎಂಬ ಭಯ ನನ್ನ ಬಳಿ ಬರುವ ಅವಿವಾಹಿತ ಹುಡುಗರಲ್ಲಿ ಬಹಳ. ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿಯೇ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯ ಹೊರಹೋಗುವುದರಿಂದ ಶಕ್ತಿ ಕುಂದುವುದಿಲ್ಲ. ಕುಂದಿಸುವುದು ಅದರ ಚಿಂತೆ ಮತ್ತು ಅದರ ಅಡಿಯಲ್ಲಿರುವ ಖಿನ್ನತೆ. ನಿಮ್ಮದು ಆ ಭಯವಲ್ಲದಿದ್ದರೆ ಈ ಮಾತು ಬೇರೆ ಯಾರಿಗಾದರೂ ತಲುಪಲಿ. ಪುಡಿಯಲ್ಲಿ ಏನು ಬೆರೆಸಿದ್ದಾರೆ ಎಂದು ನಮಗೆ ಗೊತ್ತಿಲ್ಲ, ನಿಲ್ಲಿಸಿ.

ಕುಡಿತದ ಬಗ್ಗೆ ನೀತಿ ಹೇಳುವುದಿಲ್ಲ. ಮದ್ಯ ಮೊದಲ ಎರಡು ಗಂಟೆ ನಿದ್ದೆ ಕೊಡುತ್ತದೆ, ಬೆಳಗಿನ ಜಾವದ ನಿದ್ದೆಯನ್ನು ಒಡೆಯುತ್ತದೆ, ಮರುದಿನದ ಭಯವನ್ನು ಹೆಚ್ಚಿಸುತ್ತದೆ. ನಿಮ್ಮ ನಿದ್ದೆ ಕೆಟ್ಟಿರುವುದರಲ್ಲಿ ಅದರ ಪಾಲೂ ಇದೆ. ವೈದ್ಯರು ಕೇಳಿದಾಗ ಇದ್ದ ಅಳತೆಯನ್ನೇ ಹೇಳಿ. ಅರ್ಧ ಮಾಡಿ ಹೇಳಿದರೆ ಔಷಧದ ಲೆಕ್ಕ ತಪ್ಪುತ್ತದೆ.

ಈಗ ಪರೀಕ್ಷೆ. ಸಪ್ತಾಪುರದ ಓಣಿಗಳಲ್ಲಿ ನಿಮ್ಮಂತಹ ಸಾವಿರಾರು ಹುಡುಗರು ಇದ್ದಾರೆ. ಒಂದು ಕಾಟು, ಒಂದು ಟೇಬಲ್ಲು, ಗೋಡೆಗೆ ಅಂಟಿಸಿದ ನಕ್ಷೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗರ ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರದೋ ತಪ್ಪಿಗೆ ಹೋಯಿತು. ಆ ಕಾಲದಲ್ಲಿ ಊರಿನಲ್ಲಿ ಅವರಿಗೆ ಸಿಕ್ಕ ಪ್ರಶ್ನೆ ಒಂದೇ, ‘ಇನ್ನೂ ಆಗಲಿಲ್ಲವೇ?’ ಸರಕಾರಿ ನೌಕರಿಯಿಲ್ಲದೆ ಹೆಣ್ಣು ಕೊಡುವುದಿಲ್ಲ ಎನ್ನುವ ಕಾಲವಿದು. ಹೊಲವಿದ್ದರೂ ಮದುವೆಯಾಗದ ಹುಡುಗರು ಪ್ರತಿ ಊರಲ್ಲಿದ್ದಾರೆ. ಹೀಗಿರುವಾಗ ನಿಮ್ಮ ಭಯವೆಲ್ಲ ತಲೆಯೊಳಗಿನ ರಾಸಾಯನಿಕದ ಏರುಪೇರು ಮಾತ್ರ ಎಂದು ನಾನು ಹೇಳಿದರೆ ಅದು ಅರ್ಧ ಸತ್ಯ. ನಿಮ್ಮ ಹೆಗಲ ಮೇಲೆ ನಿಜವಾದ ಭಾರವಿದೆ. ಔಷಧ ನೇಮಕಾತಿ ಆದೇಶ ತರುವುದಿಲ್ಲ. ಆದರೆ ಭಾರ ಹೊರುವ ಬೆನ್ನನ್ನು ನೆಟ್ಟಗೆ ಮಾಡುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವಂತೆ ಮಾಡುತ್ತದೆ. ನೆನಪು ಹೋಗಿದ್ದು ದಡ್ಡತನದಿಂದಲ್ಲ. ನಿದ್ದೆಗೆಟ್ಟ ಮಿದುಳು ಹೊಸದನ್ನು ಹಿಡಿದಿಟ್ಟುಕೊಳ್ಳಲಾರದು.

ಹೆಸರು ಬರೆಸಿದರೆ ಕೆಲಸ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 23ನೆಯ ಕಲಮು ನಿಮ್ಮ ಕಾಯಿಲೆ, ಚಿಕಿತ್ಸೆಗಳ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂತಹ ಕೆಲವು ಸಂದರ್ಭಗಳನ್ನು ಬಿಟ್ಟರೆ ಆಸ್ಪತ್ರೆ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಹೊರರೋಗಿಗಳ ಪಟ್ಟಿಯನ್ನು ಪೊಲೀಸ್ ಇಲಾಖೆಗೆ ಕಳಿಸುವ ಪದ್ಧತಿ ನಾನು ಕೆಲಸ ಮಾಡಿದ ಯಾವ ಆಸ್ಪತ್ರೆಯಲ್ಲಿಯೂ ಇರಲಿಲ್ಲ. ಆತಂಕಕ್ಕೆ ಚಿಕಿತ್ಸೆ ಪಡೆದು ಗುಣವಾಗಿ, ನಂತರ ಖಾಕಿ ತೊಟ್ಟು ನನ್ನನ್ನು ನೋಡಲು ಬಂದವರಿದ್ದಾರೆ. ಮುಂದೆ ಯಾವುದಾದರೂ ಅರ್ಜಿಯಲ್ಲಿ ನೇರವಾಗಿ ಕೇಳಿದರೆ ಸುಳ್ಳು ಬರೆಯಬೇಡಿ, ಗುಣವಾಗಿದೆ ಎಂಬ ವೈದ್ಯರ ಪತ್ರ ಜೊತೆಗಿರಲಿ. ನನ್ನ ಅನುಭವದಲ್ಲಿ ಹುಡುಗರ ದಾರಿ ತಪ್ಪಿಸಿದ್ದು ಚಿಕಿತ್ಸೆಯಲ್ಲ. ಚಿಕಿತ್ಸೆಯಿಲ್ಲದೆ ಕುಡಿತಕ್ಕೆ ಬಿದ್ದದ್ದು, ದೈಹಿಕ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕುಸಿದದ್ದು.

ಒಳಗೆ ಹೋದರೆ ಏನಾಗುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದ್ದೇ ಹೆಚ್ಚು ಅಂಜಿಸುತ್ತದೆ. ಚೀಟಿ ಮಾಡಿಸುತ್ತೀರಿ, ಸರದಿಗೆ ಕಾಯುತ್ತೀರಿ. ನಿಮಗಿಂತ ಎರಡು ಮೂರು ವರ್ಷ ದೊಡ್ಡವರಾದ ಕಿರಿಯ ವೈದ್ಯರೊಬ್ಬರು ಕೂರಿಸಿಕೊಂಡು ನಿದ್ದೆ, ಹಸಿವು, ಕುಡಿತ, ಮನೆ, ಓದು ಎಲ್ಲ ಕೇಳುತ್ತಾರೆ. ಸಾಯಬೇಕೆನಿಸುತ್ತದೆಯೇ ಎಂದೂ ಕೇಳುತ್ತಾರೆ, ಬೆಚ್ಚಬೇಡಿ, ಎಲ್ಲರಿಗೂ ಕೇಳುತ್ತಾರೆ. ಆಮೇಲೆ ಹಿರಿಯರು ನೋಡುತ್ತಾರೆ. ಕಟ್ಟಿ ಹಾಕುವುದಿಲ್ಲ, ಕರೆಂಟು ಕೊಡುವುದಿಲ್ಲ, ನಿಮ್ಮಂತಹವರಲ್ಲಿ ಬಹುಪಾಲು ಜನ ಅದೇ ದಿನ ಮನೆಗೆ ಹೋಗುತ್ತಾರೆ. ಮಾತಿನ ಚಿಕಿತ್ಸೆಗೆ ಮನಶ್ಶಾಸ್ತ್ರಜ್ಞರ ಬಳಿಗೆ ಕಳಿಸಬಹುದು. ಅದು ಬುದ್ಧಿವಾದವಲ್ಲ, ಭಯ ಬಂದಾಗ ಮನಸ್ಸು ಯಾವ ದಾರಿ ಹಿಡಿಯುತ್ತದೆ ಎಂದು ಗುರುತಿಸಿ ಬೇರೆ ದಾರಿ ರೂಢಿಸಿಕೊಳ್ಳುವ ಅಭ್ಯಾಸ.

ಮಾತ್ರೆ ಕೊಟ್ಟರೆ ಮೂರು ವಿಷಯ ಗೊತ್ತಿರಲಿ. ಖಿನ್ನತೆ, ಆತಂಕಗಳಿಗೆ ಕೊಡುವ ಎಸಿಟಾಲೋಪ್ರಾಮ್, ಸರ್ಟ್ರಾಲಿನ್ ತರಹದ ಮಾತ್ರೆಗಳು ಚಟ ಹತ್ತಿಸುವುದಿಲ್ಲ. ಆದರೆ ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳೆಸುವುದು, ತಲೆನೋವು, ಸ್ವಲ್ಪ ಚಡಪಡಿಕೆ ಬರಬಹುದು. ಚಡಪಡಿಕೆ ಹೆಚ್ಚಾಗಿ ಸಾಯುವ ಯೋಚನೆ ಬಲವಾದರೆ ಅಂದೇ ವೈದ್ಯರಿಗೆ ತಿಳಿಸಿ. ಜೊತೆಗೆ ನಿದ್ದೆಗೆಂದು ಬರೆಯುವ ಅಲ್ಪ್ರಾಜೋಲಾಮ್ ತರಹದವು ಬೇರೆ ಜಾತಿ. ಅವು ಕೆಲವೇ ದಿನಕ್ಕೆ. ಔಷಧ ಅಂಗಡಿಯಿಂದ ನೀವಾಗಿಯೇ ತಂದು ಮುಂದುವರಿಸಬೇಡಿ, ಮದ್ಯದ ಜೊತೆ ಅವು ಅಪಾಯ. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಮೊದಲು ಹೇಳಿದ ಮಾತ್ರೆಗಳಿಂದ ಕೆಲವು ಗಂಡಸರಿಗೆ ಲೈಂಗಿಕ ಆಸಕ್ತಿ ತಗ್ಗುತ್ತದೆ ಅಥವಾ ಸ್ಖಲನ ತಡವಾಗುತ್ತದೆ. ಗಾಬರಿಯಾಗಿ, ವೈದ್ಯರಿಗೂ ಹೇಳದೆ ಮಾತ್ರೆಯನ್ನು ಚರಂಡಿಗೆ ಎಸೆದು ಎರಡು ತಿಂಗಳಲ್ಲಿ ಮತ್ತೆ ಕುಸಿದು ಬಂದ ಹುಡುಗರನ್ನು ಬಹಳ ನೋಡಿದ್ದೇನೆ. ಪ್ರಮಾಣ ಬದಲಿಸಬಹುದು, ಬೇರೆ ಔಷಧ ಕೊಡಬಹುದು, ಹೇಳಬೇಕು ಅಷ್ಟೇ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸುವಂತಿಲ್ಲ. ಚೆನ್ನಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ನಿಧಾನ ಇಳಿಸುತ್ತಾರೆ.

ಅಪ್ಪನ ಮಾತು ನಿಮಗೆ ಚುಚ್ಚಿದೆ. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಗೋವಿನಜೋಳಕ್ಕೆ ಬೆಲೆ ಬಿದ್ದಾಗ, ಮಳೆ ಕೈಕೊಟ್ಟಾಗ ಅವರೂ ರಾತ್ರಿ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದಾರು. ಅವರ ಅಪ್ಪ ಅವರಿಗೂ ಇದೇ ಮಾತು ಹೇಳಿದ್ದಾರು. ನನ್ನ ತಂದೆ ತೀರಿದಾಗ ಹಿರಿಯ ಮಗನೆಂದು ನಾನು ಎಲ್ಲರ ಮುಂದೆ ಕಲ್ಲಿನಂತೆ ನಿಂತಿದ್ದೆ. ಹನ್ನೊಂದು ತಿಂಗಳ ನಂತರ ಅವರ ಹಳೆಯ ಕೊಡೆ ಕೈಗೆ ಸಿಕ್ಕಾಗ ಮನೋವೈದ್ಯನಾದ ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಬಾಗಿಲು ಏಕೆ ಹಾಕಿಕೊಂಡೆ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ. ಆದ್ದರಿಂದ ಅಪ್ಪನ ಜೊತೆ ಗಂಡಸುತನದ ವಾದಕ್ಕೆ ಇಳಿಯಬೇಡಿ, ಅದರಲ್ಲಿ ಯಾರೂ ಗೆಲ್ಲುವುದಿಲ್ಲ. ‘ಎಂಟು ತಿಂಗಳಿಂದ ನಿದ್ದೆಯಿಲ್ಲ, ತೋರಿಸಿದೆ, ಔಷಧ ಕೊಟ್ಟಿದ್ದಾರೆ, ಓದಲು ಅನುಕೂಲವಾಗುತ್ತದೆ’ ಎಂದಷ್ಟೇ ಹೇಳಿ. ನಿದ್ದೆಯ ಮಾತು ರೈತನಿಗೆ ಅರ್ಥವಾಗುತ್ತದೆ. ಮೊದಲು ಅವ್ವನಿಗೆ ಹೇಳಿದರೆ ಇನ್ನೂ ಸುಲಭ. ದೇವರಿಗೆ ಹರಕೆ ಹೊರುತ್ತೇನೆ, ತಾಯತ ಕಟ್ಟಿಸುತ್ತೇನೆ ಎಂದರೆ ಬೇಡವೆನ್ನಬೇಡಿ. ಮಾತ್ರೆಯ ಜೊತೆ ತಾಯತವೂ ಇರಲಿ, ಅವರಿಗೂ ಏನಾದರೂ ಮಾಡಿದ ಸಮಾಧಾನ ಬೇಕು.

ಆ ಗೇಟೇ ಬೇಡವೆಂದರೆ ಬೇಡ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಮನೋವೈದ್ಯಕೀಯ ವಿಭಾಗವಿದೆ. ಅಲ್ಲಿ ಕಾಲುನೋವಿನವರು, ಕಣ್ಣಿನವರು, ಬಾಣಂತಿಯರ ಸಂಬಂಧಿಕರು ತುಂಬಿದ ಕಾರಿಡಾರಿನಲ್ಲಿ ನೀವು ಯಾವುದಕ್ಕೆ ಬಂದಿದ್ದೀರೆಂದು ಯಾರಿಗೂ ತಿಳಿಯದು. ಗದಗ, ಹಾವೇರಿಗಳ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ತೋರಿಸಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ನನ್ನನ್ನು ಕೇಳಿದರೆ, ಧಾರವಾಡದಲ್ಲಿಯೇ ಇರುವ ನಿಮಗೆ ಹತ್ತಿರದ್ದೇ ಒಳ್ಳೆಯದು. ಔಷಧಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಮತ್ತೆ, ಗೇಟಿನಲ್ಲಿ ಕಂಡ ಆ ಊರಿನವರು. ಅವರು ಅಲ್ಲಿಗೆ ಏಕೆ ಬಂದಿದ್ದರು ಎಂದು ಯೋಚಿಸಿದಿರಾ? ಬಹುಶಃ ಅವರೂ ನಿಮ್ಮನ್ನು ನೋಡಿ ಮುಖ ತಿರುಗಿಸಿಕೊಂಡಿರಬಹುದು.

ಈ ವಾರದಲ್ಲಿಯೇ ಹೋಗಿ. ಅಂದು ಎದೆ ಬಡಿತಕ್ಕೆ ಹುಬ್ಬಳ್ಳಿಗೆ ಕರೆದುಕೊಂಡು ಹೋದ ಗೆಳೆಯನನ್ನೇ ಕರೆಯಿರಿ, ಅವನ ಬೈಕಿನ ಹಿಂದೆ ಕುಳಿತು ಹೋಗಿ, ಗೇಟಿನ ಮುಂದೆ ನಿಲ್ಲಿಸದೆ ನೇರವಾಗಿ ಒಳಗೆ ನುಗ್ಗಿಸಲು ಹೇಳಿ. ಇಸಿಜಿ ಕಾಗದ, ಆ ಪುಡಿಯ ಡಬ್ಬಿ, ಆಧಾರ್ ಕಾರ್ಡು ಜೊತೆಗಿರಲಿ. ಹೇಳಲು ನಾಲಿಗೆ ಏಳದಿದ್ದರೆ ನನಗೆ ಬರೆದ ಪತ್ರವನ್ನೇ ಮೊಬೈಲಿನಲ್ಲಿ ತೋರಿಸಿ, ಕೊನೆಯ ಸಾಲನ್ನೂ ಸೇರಿಸಿ. ನಾಷ್ಟಾ ಮಾಡಿಯೇ ಹೋಗಿ, ಸರದಿ ಬರುವುದರೊಳಗೆ ಮಧ್ಯಾಹ್ನವಾದೀತು.